ಯಂತ್ರದ ತಾಳಕ್ಕೆ ಮನುಷ್ಯನ ಕೊರಳು

ಷಿಕಾಗೋ ಎಂದರೆ ನಮ್ಮವರಿಗೆ ಥಟ್ಟನೆ ನೆನಪಿಗೆ ಬರುವುದು 1893ನೆಯ ಇಸವಿ. ಸ್ವಾಮಿ ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿ ಲೋಕದ ಗಮನ ಸೆಳೆದ ಊರು ಅದು. ಅದೇ ಊರಿನ ಇನ್ನೊಂದು ಇಸವಿಯ ಕಥೆಯನ್ನು ಇಲ್ಲಿ ಹೇಳಹೊರಟಿದ್ದೇನೆ. ವಿವೇಕಾನಂದರು ಮಾತನಾಡಿದ ಭವನದಿಂದ ಬಹಳ ದೂರವೇನೂ ಇಲ್ಲದ ಜೆಫರ್ಸನ್ ಬೀದಿಯ ಒಂದು ಹಳೆಯ ಕೈಗಾರಿಕಾ ಕಟ್ಟಡದಲ್ಲಿ, 1977ರಲ್ಲಿ, ಬೇರೊಂದು ಬಗೆಯ ಸಭೆ ಸೇರತೊಡಗಿತು. ಅಲ್ಲಿ ಭಾಷಣವಿರಲಿಲ್ಲ, ಹಾರತುರಾಯಿ ಇರಲಿಲ್ಲ, ವಂದನಾರ್ಪಣೆಯಂತೂ ಇರಲೇ ಇಲ್ಲ. ತರುಣರು ರಾತ್ರಿ ಬಂದು ಬೆಳಗಿನವರೆಗೆ ಕುಣಿಯುತ್ತಿದ್ದರು; ಅಷ್ಟೇ.

ಅಷ್ಟೇ ಎಂದು ಬಿಟ್ಟುಬಿಡುವಂತಿಲ್ಲ. ಇಂದು ಮುಂಬಯಿಯ ಗಣೇಶ ವಿಸರ್ಜನೆಯ ಮೆರವಣಿಗೆಯಲ್ಲಿ ಎದೆಗೂಡನ್ನು ಅಲುಗಿಸುವ ಆ 'ಧಂ ಧಂ' ಇದೆಯಲ್ಲ, ಮದುವೆಯ ಹಾಲಿನಲ್ಲಿ ಊಟದ ಪಂಕ್ತಿಯವರೆಗೂ ಬೆನ್ನಟ್ಟಿ ಬರುವ ಆ ಸಪ್ಪಳವಿದೆಯಲ್ಲ, ಅದರ ವಂಶವೃಕ್ಷವನ್ನು ಹಿಡಿದು ಹಿಂದೆ ಹಿಂದೆ ಹೋದರೆ ಒಂದು ಮುಖ್ಯವಾದ ಬೇರು ಈ ಕಟ್ಟಡದಲ್ಲಿ ಸಿಕ್ಕುತ್ತದೆ. "ಯಂತ್ರ ಬಂತು, ಹಾಡು ಸತ್ತಿತು" ಎಂದು ನಮ್ಮ ಮನೆಗಳಲ್ಲಿ ಹಿರಿಯರು ಹೇಳುವುದನ್ನು ಎಲ್ಲರೂ ಕೇಳಿದ್ದೇವೆ. ಈ ಮಾತು ಎಷ್ಟರಮಟ್ಟಿಗೆ ನಿಜ ಎಂಬುದನ್ನು ನೋಡಬೇಕಾದರೆ, ಆ ಊರಿನಲ್ಲೇ ಹುಟ್ಟಿ ಹೆಸರಾದ 'ಟೆನ್ ಸಿಟಿ' ಎಂಬ ಮೂವರ ತಂಡದ ಕಥೆಯನ್ನು ಕೇಳಬೇಕು. ಯಂತ್ರದ ತಾಳವನ್ನು ಇಟ್ಟುಕೊಂಡೇ ಅದರೊಳಗೆ ಮನುಷ್ಯನ ಕೊರಳನ್ನೂ ಕೂಡಿಸಿದವರು ಇವರು.

'ಹೌಸ್' ಎಂದರೇನು?

ಮೇಲೆ ಹೇಳಿದ ಕಟ್ಟಡದ ನೃತ್ಯಗೃಹಕ್ಕೆ 'ವೇರ್‌ಹೌಸ್' ಎಂದು ಹೆಸರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಉಗ್ರಾಣ. ಅಲ್ಲಿ ಗ್ರಾಮಫೋನು ತಟ್ಟೆಗಳನ್ನು ನುಡಿಸಲು ನ್ಯೂಯಾರ್ಕಿನಿಂದ ಕರೆಸಿಕೊಂಡವರು ಫ್ರಾಂಕಿ ನಕಲ್ಸ್ ಎಂಬ ಇಪ್ಪತ್ತೆರಡರ ತರುಣ. ಅಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಕಪ್ಪು ಜನಾಂಗದವರು, ಲ್ಯಾಟಿನ್ ಅಮೇರಿಕದ ಮೂಲದವರು. ಅವರಲ್ಲೂ ಬಹುಮಂದಿ ಸಲಿಂಗಪ್ರೇಮಿಗಳೆಂದು ಮನೆಯವರಿಂದಲೂ ಸಮಾಜದಿಂದಲೂ ದೂರವಾದವರು. ಬೇರೆಲ್ಲೂ ತಲೆಯೆತ್ತಿ ನಡೆಯಲಾಗದವರಿಗೆ ವಾರಕ್ಕೊಂದು ರಾತ್ರಿ ಇದು ಮನೆಯಾಯಿತು. ಉಗ್ರಾಣದಲ್ಲಿ ನುಡಿಸುವ ಬಗೆಯ ಸಂಗೀತ ಯಾವುದೋ ಅದನ್ನು ಜನ ಕ್ರಮೇಣ 'ಹೌಸ್ ಮ್ಯೂಸಿಕ್' ಎಂದು ಕರೆದರು. ಹೆಸರಿನ ಹಿಂದಿರುವ ಕಥೆ ಇಷ್ಟೇ.

ಅಲ್ಲಿ ನುಡಿಯುತ್ತಿದ್ದುದು ಮೊದಮೊದಲು ಡಿಸ್ಕೋ ಸಂಗೀತ. ಅದರಲ್ಲೂ ಫಿಲಡೆಲ್ಫಿಯಾ ನಗರದ, ಪಿಟೀಲುಗಳ ಮೇಳವುಳ್ಳ, ಭಾವತುಂಬಿದ ಹಾಡುಗಳು. ಆದರೆ 1979ರ ಜುಲೈ 12ರಂದು ಷಿಕಾಗೋದಲ್ಲೇ ಒಂದು ವಿಚಿತ್ರ ಘಟನೆ ನಡೆಯಿತು. ಕೊಮಿಸ್ಕಿ ಪಾರ್ಕ್ ಎಂಬ ಬೇಸ್‌ಬಾಲ್ ಮೈದಾನದಲ್ಲಿ, ಎರಡು ಪಂದ್ಯಗಳ ನಡುವೆ, ಒಬ್ಬ ರೇಡಿಯೋ ನಿರೂಪಕನ ಮುಂದಾಳುತನದಲ್ಲಿ ರಾಶಿರಾಶಿ ಡಿಸ್ಕೋ ತಟ್ಟೆಗಳನ್ನು ಸಿಡಿಮದ್ದು ಇಟ್ಟು ಹಾರಿಸಿದರು. ಸಾವಿರಾರು ಜನ ಮೈದಾನಕ್ಕೆ ನುಗ್ಗಿದರು. ಎರಡನೆಯ ಪಂದ್ಯ ನಡೆಯಲೇ ಇಲ್ಲ. ಮೇಲ್ನೋಟಕ್ಕೆ ಅದು ತಮಾಷೆ. ಆದರೆ ಆ ತಟ್ಟೆಗಳಲ್ಲಿ ಹಾಡಿದವರು ಯಾರು, ಅವುಗಳಿಗೆ ಕುಣಿದವರು ಯಾರು ಎಂದು ಬಲ್ಲವರಿಗೆ ಆ ಹೊಗೆಯಲ್ಲಿ ಬೇರೆ ವಾಸನೆಯೂ ಬಡಿಯಿತು.

ಮರುವರ್ಷದ ಹೊತ್ತಿಗೆ ದೊಡ್ಡ ಕಂಪನಿಗಳು ಡಿಸ್ಕೋದಿಂದ ಕೈತೊಳೆದುಕೊಳ್ಳತೊಡಗಿದವು. ಹೊಸ ಹಾಡುಗಳು ಬರುವುದು ಕಡಿಮೆಯಾಯಿತು. ಕುಣಿಯುವ ಜನ ಮಾತ್ರ ಕಡಿಮೆಯಾಗಲಿಲ್ಲ. ಆಗ ನಕಲ್ಸ್ ಮುಂತಾದವರು ಹಳೆಯ ಹಾಡುಗಳನ್ನೇ ಟೇಪಿನಲ್ಲಿ ಕತ್ತರಿಸಿ, ಅಂಟಿಸಿ, ಉದ್ದಮಾಡಿ, ಕೆಳಗೆ ತಾಳಯಂತ್ರದ ಪೆಟ್ಟನ್ನು ಸೇರಿಸಿ ನುಡಿಸತೊಡಗಿದರು. ಹಳೆಯ ಸೀರೆಗಳನ್ನು ಸೇರಿಸಿ ಕೌದಿ ಹೊಲಿಯುವ ನಮ್ಮ ಅಜ್ಜಿಯರ ಕೆಲಸದಂತೆಯೇ ಇದು. 1984ರಲ್ಲಿ ಜೆಸ್ಸಿ ಸಾಂಡರ್ಸ್ ಎಂಬುವರು 'ಆನ್ ಅಂಡ್ ಆನ್' ಎಂಬ ತಟ್ಟೆಯನ್ನು ಹೊರತಂದರು. ಹೌಸ್ ಸಂಗೀತದ ಮೊದಲ ತಟ್ಟೆ ಎಂಬ ಗೌರವವನ್ನು ಸಾಮಾನ್ಯವಾಗಿ ಅದಕ್ಕೆ ಕೊಡುತ್ತಾರೆ.

ಇದರ ಲಕ್ಷಣವನ್ನು ಹೇಳುವುದು ಸುಲಭ. ನಾಲ್ಕು ಮಾತ್ರೆಯ ಆವರ್ತ. ನಾಲ್ಕಕ್ಕೂ ದೊಡ್ಡ ಡ್ರಮ್ಮಿನ ಒಂದೇ ಸಮನಾದ ಪೆಟ್ಟು. ನಿಮಿಷಕ್ಕೆ ಸುಮಾರು 120 ಪೆಟ್ಟುಗಳ ಗತಿ. ಭಜನೆ ಏರುತ್ತ ಹೋಗಿ ಒಂದು ಗತಿಯಲ್ಲಿ ನಿಂತಮೇಲೆ ತಾಳ ಹಿಡಿದವನು ಕೈಬಿಡದೆ ತಟ್ಟುತ್ತಾನಲ್ಲ, ಹಾಗೆ. ವ್ಯತ್ಯಾಸವಿಷ್ಟೇ: ತಟ್ಟುವವನು ಇಲ್ಲಿ ಮನುಷ್ಯನಲ್ಲ, ಜಪಾನಿನ ರೋಲಂಡ್ ಕಂಪನಿಯ ಒಂದು ಪೆಟ್ಟಿಗೆ.

ಆ ಪೆಟ್ಟಿಗೆಗಳ ವಿಷಯದಲ್ಲಿ ನಮ್ಮ ಮುಂಬಯಿಗೂ ಒಂದು ಮಾತು ಸಲ್ಲಬೇಕು. ಹಿಂದೀ ಚಿತ್ರಗಳ ವಾದ್ಯವೃಂದದಲ್ಲಿ ದುಡಿಯುತ್ತಿದ್ದ ಚರಣಜಿತ್ ಸಿಂಗ್ ಎಂಬ ಕಲಾವಿದರು ಇವೇ ರೋಲಂಡ್ ಯಂತ್ರಗಳನ್ನು ಕೊಂಡು, 1982ರಲ್ಲಿ, ಭೈರವಿ, ಲಲಿತ್, ಯಮನ್, ಮಾಲಕೌಂಸ್ ಮೊದಲಾದ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಹೊಂದಿಸಿ ಒಂದು ತಟ್ಟೆ ತಂದರು. ಅಂದು ಅದನ್ನು ಯಾರೂ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. 2010ರಲ್ಲಿ ಹಾಲೆಂಡಿನವರು ಅದನ್ನು ಮತ್ತೆ ಅಚ್ಚುಹಾಕಿದಾಗ, ಷಿಕಾಗೋದ ಯಂತ್ರಸಂಗೀತಕ್ಕೂ ಮುಂಚೆಯೇ ಹೆಚ್ಚುಕಡಿಮೆ ಅದೇ ನಾದ ಮುಂಬಯಿಯಲ್ಲಿ ಹೊಮ್ಮಿತ್ತೆಂದು ಕೇಳಿದವರು ಬೆರಗಾದರು. ಷಿಕಾಗೋದವರು ಇದನ್ನು ಕೇಳಿ ಕಲಿತರೆಂದು ಯಾರೂ ಹೇಳುವುದಿಲ್ಲ. ಯಂತ್ರ ಒಂದೇ, ಕೈ ಬೇರೆ, ಮನೆಯ ಸಂಸ್ಕಾರ ಬೇರೆ. ಸಿಂಗರ ಬೆರಳಿನಿಂದ ರಾಗ ಬಂತು. ಷಿಕಾಗೋದವರ ಬೆರಳಿನಿಂದ ಏನು ಬಂತು ಎಂಬುದೇ ಮುಂದಿನ ಕಥೆ.

ಊರು ಬಿಟ್ಟು ಬಂದವರ ಊರು

ಷಿಕಾಗೋ ನಮ್ಮ ಮುಂಬಯಿಯಂತೆಯೇ ವಲಸೆಗಾರರ ಊರು. 1910ರಲ್ಲಿ ಅಲ್ಲಿದ್ದ ಕಪ್ಪು ಜನಾಂಗದವರು ಸುಮಾರು 44,000. 1970ರ ಹೊತ್ತಿಗೆ ಅವರ ಸಂಖ್ಯೆ ಹನ್ನೊಂದು ಲಕ್ಷವನ್ನು ಮುಟ್ಟಿತ್ತು. ದಕ್ಷಿಣದ ಮಿಸಿಸಿಪಿ, ಲೂಸಿಯಾನ, ಅಲಬಾಮ ಮುಂತಾದ ರಾಜ್ಯಗಳ ಹತ್ತಿಯ ಹೊಲಗಳಿಂದ ರೈಲುಹತ್ತಿ, ಉತ್ತರದ ಕಾರ್ಖಾನೆ, ಕಸಾಯಿಖಾನೆಗಳ ಕೂಲಿಗೆ ಬಂದವರು ಇವರು. ನಾವು ಉಡುಪಿಯಿಂದಲೋ ಕಾರವಾರದಿಂದಲೋ ಬಿಜಾಪುರದಿಂದಲೋ ಹೊಟ್ಟೆಪಾಡಿಗೆ ಇಲ್ಲಿಗೆ ಬಂದೆವು. ಅವರು ಹೊಟ್ಟೆಪಾಡಿಗೂ ಬಂದರು, ಪ್ರಾಣ ಉಳಿಸಿಕೊಳ್ಳುವುದಕ್ಕೂ ಬಂದರು. ದಕ್ಷಿಣದಲ್ಲಿ ಕಪ್ಪು ಮನುಷ್ಯನನ್ನು ಹಾಡಹಗಲೇ ಮರಕ್ಕೆ ನೇತುಹಾಕಿದರೂ ಕೇಳುವವರಿರಲಿಲ್ಲ. ಆದ್ದರಿಂದ ಎರಡು ವಲಸೆಗಳೂ ಒಂದೇ ಎನ್ನುವುದು ತಪ್ಪಾದೀತು. ಆದರೆ ರೈಲಿನಿಂದ ಇಳಿದವರ ಗಂಟಿನಲ್ಲಿ ಪಾತ್ರೆ ಬಟ್ಟೆಗಳ ಜೊತೆಗೆ ಹಾಡೂ ಇತ್ತು ಎಂಬುದು ಇಬ್ಬರಿಗೂ ಸಮಾನ.

ಆ ಹಾಡಿನ ಮನೆ ಇಗರ್ಜಿ. ನಮ್ಮ ಭಜನಾಮಂಡಲಿಯಲ್ಲಿ ಒಬ್ಬರು ಎತ್ತಿಕೊಟ್ಟದ್ದನ್ನು ಉಳಿದವರು ಹಿಡಿಯುವಂತೆ, ಅಲ್ಲಿಯೂ ಒಬ್ಬರು ಕೂಗಿದರೆ ಸಭೆಯೆಲ್ಲ ಮರುದನಿ ಕೊಡುತ್ತದೆ, ಚಪ್ಪಾಳೆಯೇ ತಾಳ. ಜಾರ್ಜಿಯಾದಿಂದ ಬಂದ ಥಾಮಸ್ ಡಾರ್ಸೆ ಎಂಬುವರು ಹಿಂದೆ ಪಾನಗೃಹಗಳಲ್ಲಿ 'ಬ್ಲೂಸ್' ನುಡಿಸುತ್ತಿದ್ದವರು. 1930ರ ದಶಕದಲ್ಲಿ ಅವರು ಷಿಕಾಗೋದ ಪಿಲ್‌ಗ್ರಿಮ್ ಬ್ಯಾಪ್ಟಿಸ್ಟ್ ಇಗರ್ಜಿಯಲ್ಲಿ ನಿಂತು ಆ ಬ್ಲೂಸಿನ ಲಯವನ್ನೇ ದೇವರ ಹಾಡಿಗೆ ತಂದಾಗ, ಅನೇಕ ಹಿರಿಯರು ಮೂಗು ಮುರಿದರು. "ಇದು ಪೀಠದ ಮುಂದೆ ಹಾಡುವ ಹಾಡೇ?" ಎಂಬುದು ಅವರ ಆಕ್ಷೇಪ. ಇಂದು ಅದೇ 'ಗಾಸ್ಪೆಲ್' ಎಂಬ ಹೆಸರಿನಿಂದ ಪರಂಪರೆಯಾಗಿ ಕುಳಿತಿದೆ! ಮುಂದೆ 1960ರ ದಶಕದಲ್ಲಿ, ಅದೇ ಊರಿನ ಕರ್ಟಿಸ್ ಮೇಫೀಲ್ಡ್ ಇಗರ್ಜಿಯ ಭಾವವನ್ನು ಬೀದಿಯ ಹಾಡಿಗೆ ತಂದರು. ಅವರದು ಗಂಡಸಿನ ಕಂಠವೇ, ಆದರೆ ಮೇಲಿನ ಸ್ಥಾಯಿಯಲ್ಲಿ ತೆಳ್ಳಗೆ ತೇಲುವ ಕಂಠ. ಈ ಬಗೆಯ ಸಂಗೀತಕ್ಕೆ 'ಸೋಲ್' ಎಂದು ಹೆಸರು. ಎಂದರೆ ಆತ್ಮ, ಅಂತರಂಗ.

ಹೀಗೆ, ತಾಯಿಯ ಇಗರ್ಜಿಯ ಹಾಡು, ತಂದೆಯ ಪೆಟ್ಟಿಗೆಯಲ್ಲಿದ್ದ ಸೋಲ್ ತಟ್ಟೆಗಳು, ಅಣ್ಣಂದಿರ ಡಿಸ್ಕೋ, ಈ ಮೂರನ್ನೂ ಕೇಳುತ್ತ ಬೆಳೆದ ಒಂದು ಪೀಳಿಗೆ ಯಂತ್ರದ ಮುಂದೆ ಬಂದು ಕುಳಿತಿತು.

ಅಂಚೆ ಕಛೇರಿಯಿಂದ ಬಂದವರು

ನಾನು ಸರಕಾರಿ ಕಛೇರಿಯೊಂದರಲ್ಲಿ ಕಡತ ತಿರುವುವವನಾದ್ದರಿಂದ ಈ ಕಥೆಯಲ್ಲಿ ನನಗೆ ಬಹಳ ಹಿಡಿಸಿದವರು ಮಾರ್ಷಲ್ ಜೆಫರ್ಸನ್. ಅವರು ಷಿಕಾಗೋದ ಅಂಚೆ ಕಛೇರಿಯಲ್ಲಿ ರಾತ್ರಿ ಪಾಳಿಯ ನೌಕರ. ಕೀಲಿಮಣೆ ನುಡಿಸಲು ಬಾರದು. ಒಂದು ದಿನ ಗೆಳೆಯನೊಬ್ಬನ ಜೊತೆ ವಾದ್ಯಗಳ ಅಂಗಡಿಗೆ ಹೋದಾಗ, ನುಡಿಸಲು ಬಾರದವನೂ ನುಡಿಸಬಹುದಾದ ಒಂದು ಯಂತ್ರವಿದೆಯೆಂದು ಅಂಗಡಿಯಾತ ಹೇಳಿದ. ಯಂತ್ರವನ್ನು ಕೊಂಡರು. ಅದಕ್ಕೆ ಕೀಲಿಮಣೆ ಬೇಕೆಂದ, ಅದನ್ನೂ ಕೊಂಡರು. ತಾಳಯಂತ್ರವಿಲ್ಲದೆ ಹೇಗೆ ಎಂದ, ಅದನ್ನೂ ಕೊಂಡರು. ಕೊನೆಗೆ ಸಾವಿರಾರು ಡಾಲರು ಸಾಲ! ಅಂಚೆಯ ನೌಕರಿ ಇದ್ದುದರಿಂದ ಸಾಲವೂ ಹುಟ್ಟಿತು. ಗೆಳೆಯರು ನಕ್ಕರೆಂದು ಬೇರೆ ಹೇಳಬೇಕಾಗಿಲ್ಲ.

ನುಡಿಸಲು ಬಾರದವರು ಒಂದು ಉಪಾಯ ಮಾಡಿದರು. ಪಿಯಾನೋವಿನ ಸ್ವರಗಳನ್ನು ಬಹಳ ನಿಧಾನವಾಗಿ, ಎಡವುತ್ತ ಎಡವುತ್ತ ಯಂತ್ರಕ್ಕೆ ಊಡಿಸಿ, ಆಮೇಲೆ ಯಂತ್ರದ ವೇಗವನ್ನು ಏರಿಸಿದರು. ಕೇಳಿದವರಿಗೆ ನುರಿತ ಪಿಯಾನೋಗಾರನ ಕೈ ಎನ್ನಿಸುವಂತಾಯಿತು. ಹಾಡಲು ಕರೆದದ್ದು ಅಂಚೆ ಕಛೇರಿಯ ಸಹೋದ್ಯೋಗಿಗಳನ್ನೇ. ಮುಖ್ಯ ಗಾಯಕರು ಕರ್ಟಿಸ್ ಮೆಕ್ಲೇನ್. 1986ರಲ್ಲಿ ಹೊರಬಂದ ಈ 'ಮೂವ್ ಯುವರ್ ಬಾಡಿ' ಎಂಬ ಹಾಡು ಹೌಸ್ ಸಂಗೀತದ ರಾಷ್ಟ್ರಗೀತೆ ಎನ್ನಿಸಿಕೊಂಡಿತು. ಪಿಯಾನೋ ಇರುವುದು ಹೌಸ್ ಅಲ್ಲ ಎಂದು ಮೊದಲು ತಳ್ಳಿಹಾಕಿದವರೂ ಇದ್ದರು. ಆದರೆ 'ಮ್ಯೂಸಿಕ್ ಬಾಕ್ಸ್' ಎಂಬ ಇನ್ನೊಂದು ನೃತ್ಯಗೃಹದಲ್ಲಿ ರಾನ್ ಹಾರ್ಡಿ ಅದನ್ನು ಒಂದೇ ರಾತ್ರಿ ಮತ್ತೆಮತ್ತೆ ನುಡಿಸಿದರೆಂದು ಜೆಫರ್ಸನ್ ಹೇಳಿಕೊಂಡಿದ್ದಾರೆ. ಕುಣಿಯುವವರ ಕಾಲು ತೀರ್ಪು ಕೊಟ್ಟಮೇಲೆ ಪಂಡಿತರ ಅಭಿಪ್ರಾಯವನ್ನು ಕೇಳುವವರಾರು?

ಇನ್ನೊಂದು ಕಡೆ, ಈ ಸಂಗೀತ ಇಂಗ್ಲೆಂಡಿಗೆ ಹಡಗು ಹತ್ತಿತ್ತು. 1987ರ ಜನವರಿಯಲ್ಲಿ ಷಿಕಾಗೋದ ಸ್ಟೀವ್ ಹರ್ಲಿಯವರ 'ಜ್ಯಾಕ್ ಯುವರ್ ಬಾಡಿ' ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಆದರೆ ಇಂಥ ಅನೇಕ ಹಾಡುಗಳಲ್ಲಿ ಮಾತು ನಾಮಮಾತ್ರ. ಒಂದು ನುಡಿಗಟ್ಟನ್ನು ಯಂತ್ರ ತೊದಲುವಂತೆ ಮಾಡಿ ಹತ್ತು ಸಲ ಹೇಳಿಸಿದರೆ ಹಾಡು ಮುಗಿಯಿತು. ಯಂತ್ರ ಗೆದ್ದಿತ್ತು, ಕೊರಳು ಮೂಲೆಗೆ ಸರಿಯುತ್ತಿತ್ತು. ಟೆನ್ ಸಿಟಿ ರಂಗಕ್ಕೆ ಬಂದದ್ದು ಈ ಘಟ್ಟದಲ್ಲಿ.

ಮೂವರ ತಂಡ

ಬೈರನ್ ಸ್ಟಿಂಗಿಲಿ ಗಾಯಕರು. ಬೈರನ್ ಬರ್ಕ್ ಕೀಲಿಮಣೆಯವರು. ಹರ್ಬ್ ಲಾಸನ್ ಗಿಟಾರಿನವರು. ಮೂವರ ತಂಡದಲ್ಲಿ ಇಬ್ಬರು ಬೈರನ್ನರು! ಮೊದಲು 'ರ್ಯಾಗ್‌ಟೈಮ್' ಎಂಬ ಹೆಸರಿನಲ್ಲಿ ಹಾಡಿದ ಇವರು ಆಮೇಲೆ 'ಟೆನ್ ಸಿಟಿ' ಆದರು. ತೀವ್ರತೆ ಎಂಬರ್ಥದ 'ಇಂಟೆನ್ಸಿಟಿ' ಎಂಬ ಮಾತಿನ ತಲೆ ಕತ್ತರಿಸಿ ಮಾಡಿದ ಹೆಸರು ಇದು. ಹತ್ತು ಊರುಗಳಿಗೂ ಇದಕ್ಕೂ ಸಂಬಂಧವಿಲ್ಲ. ಇವರ ಬೆನ್ನಿಗೆ ನಿರ್ಮಾಪಕರಾಗಿ ನಿಂತವರು ನಮ್ಮ ಅಂಚೆಯ ಜೆಫರ್ಸನ್. ಷಿಕಾಗೋದ ಬಹುತೇಕ ಹೌಸ್ ತಟ್ಟೆಗಳು ಟ್ರ್ಯಾಕ್ಸ್, ಡಿ.ಜೆ. ಇಂಟರ್‌ನ್ಯಾಷನಲ್‌ನಂಥ ಊರಿನ ಸಣ್ಣ ಕಂಪನಿಗಳಿಂದಲೇ ಬರುತ್ತಿದ್ದ ಕಾಲದಲ್ಲಿ, ಟೆನ್ ಸಿಟಿಯನ್ನು ಕರೆದು ಕರಾರು ಮಾಡಿಕೊಂಡದ್ದು ಅಟ್ಲಾಂಟಿಕ್ ಕಂಪನಿ. ರೇ ಚಾರ್ಲ್ಸ್, ಅರೀಥಾ ಫ್ರಾಂಕ್ಲಿನ್ ಅಂಥವರ ಹಾಡುಗಳನ್ನು ತಂದ ಮನೆ ಅದು. ಹುಡುಗರಿಗೆ ಇದು ಸಣ್ಣ ಮಾತಲ್ಲ.

1987ರಲ್ಲಿ 'ಡಿವೋಷನ್' ಬಂತು, 1988ರಲ್ಲಿ 'ರೈಟ್ ಬ್ಯಾಕ್ ಟು ಯೂ'. 1989ರಲ್ಲಿ ಬಂದ 'ದಟ್ಸ್ ದ ವೇ ಲವ್ ಈಸ್' ಅಮೇರಿಕದ ನೃತ್ಯಗೀತೆಗಳ ಪಟ್ಟಿಯಲ್ಲಿ ಮೊದಲನೆಯದಾಯಿತು. ಬ್ರಿಟನ್ನಿನ ಸಾಮಾನ್ಯ ಪಟ್ಟಿಯಲ್ಲಿ ಎಂಟನೆಯ ಸ್ಥಾನಕ್ಕೆ ಬಂತು. ಅದೇ ವರ್ಷ ಇವರ ಮೊದಲ ಪೂರ್ಣ ಆಲ್ಬಮ್ಮು 'ಫೌಂಡೇಷನ್' ಹೊರಬಿತ್ತು. ಫೌಂಡೇಷನ್ ಎಂದರೆ ಅಡಿಪಾಯ. ಹೆಸರು ಸಾರ್ಥಕವಾಯಿತು, ಭಾವಪೂರ್ಣ ಹೌಸ್ ಎಂದು ಇಂದು ಯಾವುದನ್ನು ಕರೆಯುತ್ತಾರೋ ಅದರ ಕಟ್ಟಡದ ಅಡಿಪಾಯದಲ್ಲಿ ಈ ತಟ್ಟೆಯೂ ಒಂದು ಕಲ್ಲು.

ಇವರು ಮಾಡಿದ್ದು ಏನು? ತಾಳ ಅದೇ, ಯಂತ್ರವೂ ಅದೇ. ಆದರೆ ಅದರ ಮೇಲೆ ಕೈಯಿಂದ ಮೀಟಿದ ಗಿಟಾರು, ಫಿಲಡೆಲ್ಫಿಯಾವನ್ನು ನೆನಪಿಗೆ ತರುವ ತಂತಿವಾದ್ಯಗಳ ನಾದ, ಪಲ್ಲವಿ, ಚರಣಗಳುಳ್ಳ ನಿಜವಾದ ಹಾಡು, ಹಿಂದೆ ಸಹಗಾಯನ, ಎಲ್ಲಕ್ಕಿಂತ ಮೇಲೆ ಸ್ಟಿಂಗಿಲಿಯವರ ಕಂಠ. ಗಂಡಸು ತನ್ನ ಸಹಜ ಶ್ರುತಿಯನ್ನು ಬಿಟ್ಟು ಹೆಣ್ಣುದನಿಯ ಎತ್ತರದಲ್ಲಿ ಹಾಡುವ ಕ್ರಮಕ್ಕೆ ಅವರಲ್ಲಿ 'ಫಾಲ್ಸೆಟೊ' ಎನ್ನುತ್ತಾರೆ. ಮೇಫೀಲ್ಡರು ಹಾಡಿದ್ದು ಹಾಗೆ. ಡಿಸ್ಕೋ ಕಾಲದ ಸಿಲ್ವೆಸ್ಟರ್ ಹಾಡಿದ್ದೂ ಹಾಗೆ. ಸ್ಟಿಂಗಿಲಿಯವರ ಕಂಠ ಮೇಲೇರಿದಾಗ ಯಂತ್ರದ ಪೆಟ್ಟು ನೆಲವಾಗುತ್ತದೆ, ಕಂಠ ಆಕಾಶವಾಗುತ್ತದೆ. 'ಡಿವೋಷನ್' ಎಂದರೆ ಭಕ್ತಿ ಎಂದೂ ಅರ್ಥ, ನಿಷ್ಠೆ ಎಂದೂ ಅರ್ಥ. ಹಾಡು ಪ್ರೇಮದ್ದು, ಧಾಟಿ ಮಾತ್ರ ಇಗರ್ಜಿಯದು.

ನಮ್ಮ ಕಟ್ಟಡದ ಹಿರಿಯರೊಬ್ಬರು, ದಕ್ಷಿಣ ಕನ್ನಡದವರು, ಐವತ್ತು ವರ್ಷದಿಂದ ಭಜನೆಯಲ್ಲಿ ತಾಳ ಹಿಡಿದವರು. ಕುತೂಹಲಕ್ಕೆಂದು ಅವರಿಗೆ ಈ ಹಾಡನ್ನು ಕೇಳಿಸಿದೆ. ಕಣ್ಣುಮುಚ್ಚಿ ಪೂರ್ತಿ ಕೇಳಿದರು. ಆಮೇಲೆ, "ಆ ಮನುಷ್ಯ ಮನಸ್ಸು ಕೊಟ್ಟು ಹಾಡ್ತಾನೆ ಮಾರಾಯಾ. ನಡುವೆ ಯಾರೋ ಗೋಡೆಗೆ ಮೊಳೆ ಹೊಡೀತಾರಲ್ಲ, ಅವರನ್ನು ಸ್ವಲ್ಪ ನಿಲ್ಲಿಸಲಿಕ್ಕೆ ಹೇಳು" ಎಂದರು. ವಿಮರ್ಶಕರು ಪುಟಗಟ್ಟಲೆ ಬರೆದುದನ್ನು ಅವರು ಎರಡು ಮಾತಿನಲ್ಲಿ ಮುಗಿಸಿದರು. ಆದರೆ ಆ ಮೊಳೆ ಹೊಡೆಯುವವನಿಲ್ಲದಿದ್ದರೆ ಆ ಕಂಠ ಲಂಡನ್ನಿನ ಹುಡುಗರವರೆಗೆ ಹೋಗುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಇಳಿತ, ಮತ್ತೆ ಏರಿಕೆ

ಏರಿದ್ದು ಇಳಿಯಬೇಕಷ್ಟೆ. 1990ರಲ್ಲಿ 'ಸ್ಟೇಟ್ ಆಫ್ ಮೈಂಡ್', 1992ರಲ್ಲಿ 'ನೋ ಹೌಸ್ ಬಿಗ್ ಇನಫ್', 1994ರಲ್ಲಿ 'ದಟ್ ವಾಸ್ ದೆನ್, ದಿಸ್ ಈಸ್ ನೌ' ಎಂದು ಇನ್ನೂ ಮೂರು ಆಲ್ಬಮ್ಮುಗಳು ಬಂದವು. ಆದರೆ ಅಮೇರಿಕದ ರೇಡಿಯೋಗಳಿಗೆ ಅಷ್ಟರಲ್ಲಿ ಹಿಪ್‌ಹಾಪ್ ಬೇಕಾಗಿತ್ತು. ಹುಟ್ಟಿದ ಊರಿನಲ್ಲಿ ಸಿಕ್ಕದ ಮನ್ನಣೆ ಸಮುದ್ರದಾಚೆ ಸಿಕ್ಕಿತ್ತು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಅಲ್ಲಿಗೂ ಸಲ್ಲುತ್ತದೆ. 1990ರ ದಶಕದ ನಡುವಿಗೆ ತಂಡ ಚದುರಿತು. ಸ್ಟಿಂಗಿಲಿಯವರು ಒಬ್ಬರೇ ಹಾಡಿದ 'ಗೆಟ್ ಅಪ್' 1997ರಲ್ಲಿ ಹೆಸರು ಮಾಡಿತು. ಆಮೇಲೆ ಅವರು ಹಿಡಿದದ್ದು ಶಿಕ್ಷಣದ ದಾರಿ. ಉಪಾಧ್ಯಾಯರಾಗಿ, ಮುಂದೆ ಮುಖ್ಯೋಪಾಧ್ಯಾಯರಾಗಿ ಮಕ್ಕಳ ನಡುವೆ ದುಡಿದರು. ಬೆಳಗ್ಗೆ ಪ್ರಾರ್ಥನೆಗೆ ಸಾಲಾಗಿ ನಿಲ್ಲಿಸುವ ಹೆಡ್‌ಮಾಸ್ತರರು ಒಂದು ಕಾಲಕ್ಕೆ ಲಂಡನ್ನನ್ನೇ ಕುಣಿಸಿದವರು ಎಂದು ತಿಳಿದಾಗ ಆ ಮಕ್ಕಳ ಮುಖ ಹೇಗಾಗಿರಬೇಡ!

ಈ ಕಥೆಯಲ್ಲಿ ಕಹಿಯೂ ಉಂಟು, ಅದನ್ನು ಮರೆಮಾಚಬಾರದು. ಸಣ್ಣ ಕಂಪನಿಗಳಿಗೆ ಹಾಡಿಕೊಟ್ಟ ಷಿಕಾಗೋದ ಅನೇಕ ತರುಣರು ಕಾಗದವನ್ನು ಓದದೆ ರುಜು ಹಾಕಿದರು. ಕೆಲವರಿಗೆ ಕಾಗದವೇ ಇರಲಿಲ್ಲ. ಹಾಡು ಲೋಕ ಸುತ್ತಿತು, ಹಣ ಅವರ ಮನೆಗೆ ಬರಲಿಲ್ಲ. ಹೌಸ್ ಸಂಗೀತದ ಶ್ರೇಷ್ಠರಲ್ಲಿ ಒಬ್ಬರಾದ ಲ್ಯಾರಿ ಹರ್ಡ್, ಗಾಯಕ ರಾಬರ್ಟ್ ಓವೆನ್ಸ್ ಜೊತೆಗೂಡಿ, ಟ್ರ್ಯಾಕ್ಸ್ ಕಂಪನಿಯ ಮೇಲೆ 2020ರಲ್ಲಿ ದಾವೆ ಹೂಡಬೇಕಾಯಿತು. 2022ರಲ್ಲಿ ರಾಜಿಯಾಗಿ, ತಮ್ಮ ಹಾಡುಗಳ ಹಕ್ಕು ಅವರಿಗೆ ಮರಳಿತು. ಮೂವತ್ತು ವರ್ಷಗಳಿಗೂ ಮಿಕ್ಕಿದ ಕಾಲ! ಕಲಾವಿದರಾಗಹೊರಟ ನಮ್ಮ ಮಕ್ಕಳಿಗೆ ಸಾ-ಪ-ಸ ಕಲಿಸುವುದರ ಜೊತೆಗೆ ಕರಾರುಪತ್ರ ಓದುವುದನ್ನೂ ಕಲಿಸಬೇಕು ಎಂದು ಒಬ್ಬ ಗುಮಾಸ್ತೆಯಾಗಿ ಹೇಳುತ್ತೇನೆ.

ಇಳಿದದ್ದು ಮತ್ತೆ ಏರಿತು. ಹೆಚ್ಚುಕಡಿಮೆ ಕಾಲು ಶತಮಾನದ ಮೇಲೆ ಸ್ಟಿಂಗಿಲಿ ಮತ್ತು ಜೆಫರ್ಸನ್ ಮತ್ತೆ ಕೂಡಿ, 2021ರಲ್ಲಿ ಟೆನ್ ಸಿಟಿಯ ಹೆಸರಿನಲ್ಲಿ 'ಜಡ್ಜ್‌ಮೆಂಟ್' ಎಂಬ ಆಲ್ಬಮ್ಮು ತಂದರು. ಗ್ರ್ಯಾಮಿ ಪ್ರಶಸ್ತಿಯ ನೃತ್ಯಸಂಗೀತ ವಿಭಾಗದ ಅಂತಿಮ ಪಟ್ಟಿಯಲ್ಲಿ ಅದು ಸೇರಿತು. 2022ರ ಏಪ್ರಿಲಿನಲ್ಲಿ ಪ್ರಶಸ್ತಿ ಸಂದದ್ದು ಅವರಿಗಲ್ಲ. ದಕ್ಷಿಣ ಆಫ್ರಿಕದ 'ಬ್ಲ್ಯಾಕ್ ಕಾಫಿ' ಎಂಬ ಕಲಾವಿದರಿಗೆ. ಆದರೆ ಅವರು ಗೆದ್ದದ್ದೂ ಹೌಸ್ ಸಂಗೀತದಿಂದಲೇ! ಷಿಕಾಗೋದ ಬೀಜ ಆಫ್ರಿಕದ ನೆಲದಲ್ಲಿ ಮರವಾಗಿ ನಿಂತದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಆಫ್ರಿಕದಿಂದ ಸೆರೆಯಾಗಿ ಹೋದವರ ಮರಿಮಕ್ಕಳು ಅಮೇರಿಕದಲ್ಲಿ ಕಟ್ಟಿದ ತಾಳ ಮತ್ತೆ ಆಫ್ರಿಕಕ್ಕೇ ಹೋಗಿ ಸೇರಿತು. ಜೋಹಾನ್ಸ್‌ಬರ್ಗಿನಲ್ಲಿ 'ಮಿ ಕಾಸಾ' ಎಂಬ ಮೂವರ ತಂಡವಿದೆ; ಅವರ ಮೊದಲ ಆಲ್ಬಮ್ಮು 2011ರದು. ಕೀಲಿಮಣೆಯವರ ಯಂತ್ರದ ತಾಳಕ್ಕೆ ಒಬ್ಬರು ನಿಜವಾದ ಕಹಳೆ ಊದುತ್ತಾರೆ. ಹಾಡುವವರು ಪೋರ್ಚುಗಲ್ಲಿನಲ್ಲಿ ಹುಟ್ಟಿ ದಕ್ಷಿಣ ಆಫ್ರಿಕದಲ್ಲಿ ಬೆಳೆದವರು, ಎಂದರೆ ಅವರೂ ವಲಸೆಗಾರರೇ. ಮಿ ಕಾಸಾ ಎಂದರೆ ಸ್ಪ್ಯಾನಿಷಿನಲ್ಲಿ 'ನನ್ನ ಮನೆ'. ಉಗ್ರಾಣದ 'ಹೌಸ್' ಕೊನೆಗೂ ನಿಜವಾದ ಮನೆಯಾಯಿತು.

ಫ್ರಾಂಕಿ ನಕಲ್ಸ್ 2014ರ ಮಾರ್ಚ್ 31ರಂದು ತೀರಿಕೊಂಡರು. ಅದಕ್ಕೆ ಹತ್ತು ವರ್ಷ ಮೊದಲೇ, 2004ರಲ್ಲಿ, ಉಗ್ರಾಣವಿದ್ದ ಬೀದಿಯ ಒಂದು ಭಾಗಕ್ಕೆ ಅವರ ಗೌರವಾರ್ಥ ಹೆಸರಿಟ್ಟಿದ್ದರು. 2023ರಲ್ಲಿ ಆ ಹಳೆಯ ಕಟ್ಟಡವನ್ನು ಷಿಕಾಗೋ ನಗರ ಅಧಿಕೃತ ಸ್ಮಾರಕವೆಂದು ಸಾರಿತು. ಒಂದು ಕಾಲಕ್ಕೆ ಅಲ್ಲಿ ಕುಣಿಯುತ್ತಿದ್ದವರ ತಟ್ಟೆಗಳನ್ನು ಸಿಡಿಸಿದ ಊರೇ ಈಗ ಅವರ ಗೋಡೆಗಳನ್ನು ಕಾಯುತ್ತಿದೆ.

ನಮಗೇನು?

"ಅಲ್ಲಿಯ ಕಥೆ ಕೇಳಿ ಮಾಟುಂಗದಲ್ಲಿಯೋ ಡೊಂಬಿವಲಿಯಲ್ಲಿಯೋ ಇರುವ ನಮಗೇನು?" ಎಂದು ವಾಚಕರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಪರಊರಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ನಮ್ಮ ಹಾಡನ್ನು ಮರೆಯುತ್ತಿದ್ದಾರೆ ಎಂಬ ಕೊರಗು ನಮ್ಮ ಸಂಘಗಳ ಪ್ರತಿಯೊಂದು ಸಭೆಯಲ್ಲೂ ಕೇಳಿಬರುತ್ತದೆ. ತಪ್ಪನ್ನು ಯಂತ್ರದ ಮೇಲೆ, ಕಿವಿಗೆ ಸಿಕ್ಕಿಸಿಕೊಳ್ಳುವ ಆ ಪುಟ್ಟ ಗುಂಡಿಯ ಮೇಲೆ ಹೊರಿಸುವುದು ಸುಲಭ. ಷಿಕಾಗೋದ ಕಥೆ ಬೇರೆಯದನ್ನು ಹೇಳುತ್ತದೆ. ಆ ಮಕ್ಕಳೂ ಯಂತ್ರಕ್ಕೆ ಮರುಳಾದವರೇ. ಆದರೆ ಯಂತ್ರದ ಮುಂದೆ ಕುಳಿತಾಗ ಅವರ ಕೊರಳಿನಿಂದ ಹೊರಟದ್ದು ಹಿರಿಯರ ಧಾಟಿ. ಏಕೆಂದರೆ ಅದು ಮನೆಯಲ್ಲಿತ್ತು, ವಾರವಾರ ಇಗರ್ಜಿಯಲ್ಲಿತ್ತು, ಅಡಿಗೆಮನೆಯ ರೇಡಿಯೋದಲ್ಲಿತ್ತು. ಯಾರೂ ಅವರಿಗೆ ಅದನ್ನು ಉಪದೇಶಿಸಿ ಕಲಿಸಲಿಲ್ಲ; ಕಿವಿಗೆ ಬಿದ್ದು ಬಿದ್ದು ರಕ್ತಕ್ಕೆ ಇಳಿಯಿತು. ಇಲ್ಲದ್ದನ್ನು ಯಾವ ಯಂತ್ರವೂ ಹೊರತೆಗೆಯಲಾರದು.

ಹಾಗಾದರೆ ನಾವು ಕೇಳಿಕೊಳ್ಳಬೇಕಾದುದು ಮಕ್ಕಳು ಏನನ್ನು ಕೇಳುತ್ತಾರೆ ಎಂಬುದೊಂದನ್ನೇ ಅಲ್ಲ. ಅವರ ಕಿವಿಗೆ ನಾವು ಏನನ್ನು ಹಾಕಿದ್ದೇವೆ ಎಂಬುದನ್ನೂ ಸಹ. ಅಜ್ಜಿ ಊರಿನಿಂದ ಬಂದು ತಿಂಗಳಿದ್ದು ಹೋಗುತ್ತಾರೆ. ಅವರ ಹಸೆಯ ಹಾಡು, ಬೀಸುವ ಪದ, ಶೋಭಾನೆಗಳನ್ನು ಎಷ್ಟು ಮನೆಗಳಲ್ಲಿ ಹಾಡಿಸಿ ಕೇಳಿದ್ದೇವೆ? ತಂದೆಯವರು ಸ್ನಾನದ ಮನೆಯಲ್ಲಿ ಗುನುಗುವ ದಾಸರ ಪದವನ್ನು ಹೊರಗೆ ಕುಳಿತು ಪೂರ್ತಿ ಹಾಡುವಂತೆ ಯಾರಾದರೂ ಕೇಳಿದ್ದೇವೆಯೇ? ಮೊಬೈಲು ಎಲ್ಲರ ಕಿಸೆಯಲ್ಲೂ ಇದೆ, ಒತ್ತಿದರೆ ಮುದ್ರಣವಾಗುತ್ತದೆ. ಮುಂದಿನ ದಸರೆಯ ರಜೆಗೆ ಹಿರಿಯರು ಬಂದಾಗ ಒಂದು ಸಂಜೆ ಈ ಕೆಲಸಕ್ಕೆ ಇಟ್ಟುಕೊಳ್ಳಿರಿ. ಮುದ್ರಿಸುವ ಕೆಲಸವನ್ನು ಮನೆಯ ಹುಡುಗನಿಗೋ ಹುಡುಗಿಗೋ ಒಪ್ಪಿಸಿರಿ. ಯಂತ್ರದ ವಿದ್ಯೆ ಅವರಿಗೇ ಚೆನ್ನಾಗಿ ಗೊತ್ತು.

ಆಮೇಲೆ ಅವರು ಆ ಅಜ್ಜಿಯ ಹಾಡಿಗೆ ಕೆಳಗೆ ಧಂ ಧಂ ಸೇರಿಸಿದರೆ ಗದರಿಸಬೇಡಿರಿ. ಡಾರ್ಸೆಯವರನ್ನೂ ಗದರಿಸಿದ್ದರು, ಜೆಫರ್ಸನ್ನರನ್ನೂ ನೋಡಿ ನಕ್ಕಿದ್ದರು. ಅಜ್ಜಿಯ ಕೊರಳು ಮೇಲೆ ಕೇಳುತ್ತಿದೆಯೇ ಎಂಬುದನ್ನಷ್ಟು ನೋಡಿಕೊಂಡರೆ ಸಾಕು.